ಮನೆಯ ಗಾಜಿನ ತೊಟ್ಟಿಯಲ್ಲಿ ಸಿಹಿನೀರಿನ ಮೀನುಗಳು

ಪಡಸಾಲೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಬಣ್ಣದ ಮೀನು ಸಾಕುವ ಹವ್ಯಾಸ ಈಗ ಪಟ್ಟಣಗಳಿಗಷ್ಟೇ ಸೀಮಿತವಾಗಿಲ್ಲ. ಹಳ್ಳಿಯ ಮನೆಗಳಲ್ಲಿಯೂ ಕಂಡುಬರುತ್ತಿದೆ. ಆದರೆ ಮಕ್ಕಳು ಆಸೆಪಟ್ಟು ತಂದ ಮೀನುಗಳು ಒಂದೆರಡು ವಾರಗಳಲ್ಲಿಯೇ ಸತ್ತು ತೇಲುವುದು, ಬರಿದಾದ ತೊಟ್ಟಿ ಅಟ್ಟ ಸೇರುವುದು ಸಾಮಾನ್ಯವಾಗಿದೆ. ಅನೇಕ ವೇಳೆ ಇದಕ್ಕೆ ರೋಗಕ್ಕಿಂತ ನೀರನ್ನು ಸಿದ್ಧಪಡಿಸದಿರುವುದೇ ಕಾರಣ. ಭೂಮಿಯನ್ನು ಹದ ಮಾಡದೆ ಬಿತ್ತಬಾರದೆಂಬುದು ರೈತರಿಗೆ ತಿಳಿದ ವಿಷಯ. ಮೀನು ಬಿಡುವುದಕ್ಕೂ ಇದೇ ನಿಯಮ ಅನ್ವಯಿಸುತ್ತದೆ.

ತೊಟ್ಟಿಯ ಆಯ್ಕೆ

ಹೊಸದಾಗಿ ಪ್ರಾರಂಭಿಸುವವರಿಗೆ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ ಮತ್ತು 30 ಸೆಂ.ಮೀ. ಎತ್ತರದ ತೊಟ್ಟಿ ಸೂಕ್ತ. ಇದರಲ್ಲಿ 25 ಸೆಂ.ಮೀ. ಎತ್ತರಕ್ಕೆ ನೀರು ತುಂಬಿದರೆ ಸುಮಾರು 45 ಲೀಟರು ಹಿಡಿಯುತ್ತದೆ. ಮರಳು, ಗಾಜು ಸೇರಿ ತೂಕ 50 ಕಿ.ಗ್ರಾಂ. ಮೀರುವುದರಿಂದ ಮೇಜು ಗಟ್ಟಿಯಾಗಿರಬೇಕು. ನೇರ ಬಿಸಿಲು ಬೀಳುವಲ್ಲಿ ಇಟ್ಟರೆ ಪಾಚಿ ಬೆಳೆಯುತ್ತದೆ. ತಳಕ್ಕೆ ಚೆನ್ನಾಗಿ ತೊಳೆದ ದಪ್ಪ ಮರಳು ಹರಡಿ, ಹೈಡ್ರಿಲ್ಲ ಅಥವಾ ವ್ಯಾಲಿಸ್ನೇರಿಯ ಗಿಡಗಳನ್ನು ನೆಡಬೇಕು. ಗಾಳಿಯ ಪಂಪು ಮತ್ತು ಸ್ಪಂಜಿನ ಶೋಧಕ ಅವಶ್ಯಕ. ಬಾಯಿ ಕಿರಿದಾದ ದುಂಡನೆಯ ಬಟ್ಟಲಿನಲ್ಲಿ ನೀರಿಗೆ ಸಾಕಷ್ಟು ಗಾಳಿ ತಾಗದ ಕಾರಣ ಅದು ಮೀನಿಗೆ ತಕ್ಕುದಲ್ಲ.

ನೀರನ್ನು ಹದಗೊಳಿಸುವುದು

ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ತೆರೆದ ಪಾತ್ರೆಯಲ್ಲಿ ಒಂದೆರಡು ದಿನ ಇಟ್ಟು ಬಳಸಬೇಕು. ಇದಕ್ಕಿಂತ ದೊಡ್ಡ ಅಪಾಯವೆಂದರೆ ಅಮೋನಿಯ. ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ಹೊರಹಾಕುತ್ತದೆ. ಕೊಳೆತ ಆಹಾರದಿಂದಲೂ ಅದು ಉಂಟಾಗುತ್ತದೆ. ಹೊಲಕ್ಕೆ ಹಾಕಿದ ಯೂರಿಯಾದಿಂದ ಬಂದ ಅಮೋನಿಯವನ್ನು ಮಣ್ಣಿನ ಸೂಕ್ಷ್ಮಾಣುಗಳು ಮೊದಲು ನೈಟ್ರೈಟ್, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ತೊಟ್ಟಿಯ ಮರಳು ಮತ್ತು ಸ್ಪಂಜಿನಲ್ಲಿಯೂ ಇಂತಹ ಸೂಕ್ಷ್ಮಾಣುಗಳೇ ನೆಲೆಸಿ ಇದೇ ಕೆಲಸ ಮಾಡುತ್ತವೆ. ಅವು ಸಾಕಷ್ಟು ವೃದ್ಧಿಯಾಗಲು 4 ರಿಂದ 6 ವಾರ ಬೇಕು.

ಆದ್ದರಿಂದ ಪ್ರಾರಂಭದಲ್ಲಿ ಮೂರು ನಾಲ್ಕು ಗಟ್ಟಿ ಜಾತಿಯ ಸಣ್ಣ ಮೀನುಗಳನ್ನು ಮಾತ್ರ ಬಿಟ್ಟು, ನಿಧಾನವಾಗಿ ಸಂಖ್ಯೆ ಹೆಚ್ಚಿಸಬೇಕು. ವಾರಕ್ಕೊಮ್ಮೆ ಕಾಲು ಭಾಗದಷ್ಟು ನೀರನ್ನು ತಳದ ಕಸದೊಡನೆ ಕೊಳವೆಯಿಂದ ಹೊರತೆಗೆದು ಹೊಸ ನೀರು ತುಂಬಬೇಕು. ಮೊದಲ ವಾರಗಳಲ್ಲಿ ನೀರನ್ನು ಇನ್ನೂ ಬೇಗ ಬೇಗ ಬದಲಿಸುವುದು ಒಳ್ಳೆಯದು. ಇಡೀ ತೊಟ್ಟಿಯನ್ನು ಬರಿದು ಮಾಡಿ ಉಜ್ಜಿ ತೊಳೆದರೆ ಉಪಕಾರಿ ಸೂಕ್ಷ್ಮಾಣುಗಳು ನಾಶವಾಗುತ್ತವೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲಿಯೇ ಅದ್ದಿ ಹಿಂಡಿದರೆ ಸಾಕು. ಆ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಕೈತೋಟಕ್ಕೆ ಹಾಕಬಹುದು.

ನೀರಿಗೆ ತಕ್ಕ ಮೀನು

ಬಯಲು ಸೀಮೆಯ ಕೊಳವೆ ಬಾವಿಗಳ ನೀರು ಸಾಮಾನ್ಯವಾಗಿ ಗಡಸು. ಇದಕ್ಕೆ ಗಪ್ಪಿ, ಮೋಲಿ, ಪ್ಲಾಟಿ ಮತ್ತು ಕತ್ತಿಬಾಲದ ಮೀನುಗಳು ಚೆನ್ನಾಗಿ ಹೊಂದಿಕೊಳ್ಳುತ್ತವೆ. ಇವು ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವ ಜಾತಿಗಳು. ಗಪ್ಪಿ ಸುಮಾರು ನಾಲ್ಕು ವಾರಗಳಿಗೊಮ್ಮೆ ಮರಿ ಹಾಕುತ್ತದೆ. ತಾಯಿಯೇ ಮರಿಗಳನ್ನು ತಿನ್ನುವುದುಂಟಾದ್ದರಿಂದ ಅವು ಅಡಗಲು ದಟ್ಟವಾದ ಗಿಡಗಳಿರಬೇಕು.

ಮಲೆನಾಡಿನಂತಹ ಮೆದು ನೀರಿನ ಪ್ರದೇಶಗಳಲ್ಲಿ ಮೊಟ್ಟೆಯಿಡುವ ಜಾತಿಗಳಾದ ಟೆಟ್ರಾ, ಗುರಾಮಿ, ಬಾರ್ಬ್‌ಗಳನ್ನು ಸಾಕಬಹುದು. ನಮ್ಮ ದೇಶದ್ದೇ ಆದ ಜೀಬ್ರಾ ಡ್ಯಾನಿಯೊ ಎರಡೂ ಬಗೆಯ ನೀರಿಗೆ ಒಗ್ಗುವ ಗಟ್ಟಿ ಮೀನು. ಇವು ಗುಂಪಿನಲ್ಲಿ ಬಾಳುವುದರಿಂದ ಕೊನೆಗೆ ಆರಾದರೂ ಇರುವಂತೆ ನೋಡಿಕೊಳ್ಳಬೇಕು.

ಒಟ್ಟಿಗೆ ಸಾಕುವಾಗ ಎಚ್ಚರ ಅಗತ್ಯ. ಎರಡು ಗಂಡು ಫೈಟರ್ ಮೀನುಗಳನ್ನು ಒಂದೇ ತೊಟ್ಟಿಯಲ್ಲಿ ಬಿಟ್ಟರೆ ಕಾದಾಡಿ ಸಾಯುತ್ತವೆ. ಟೈಗರ್ ಬಾರ್ಬ್ ಉಳಿದ ಮೀನುಗಳ ಉದ್ದ ರೆಕ್ಕೆಗಳನ್ನು ಕಚ್ಚುತ್ತದೆ. ಗೋಲ್ಡ್ ಫಿಷ್ ತಂಪು ನೀರಿನದು. ದೊಡ್ಡದಾಗಿ ಬೆಳೆಯುವ, ಹೆಚ್ಚು ಹೊಲಸು ಮಾಡುವ ಈ ಮೀನಿಗೆ ಮೇಲೆ ಹೇಳಿದ ತೊಟ್ಟಿ ಸಾಲದು. ಕೇರಳ ಮತ್ತು ದಕ್ಷಿಣ ಕರ್ನಾಟಕದ ಪಶ್ಚಿಮ ಘಟ್ಟದ ಹೊಳೆಗಳಲ್ಲಿರುವ ಕೆಂಪು ಗೆರೆಯ ಡೆನಿಸನ್ ಬಾರ್ಬ್, ಹವ್ಯಾಸಿಗಳ ಬೇಡಿಕೆಗಾಗಿ ವಿಪರೀತ ಹಿಡಿದುದರಿಂದ ಅಳಿವಿನಂಚಿಗೆ ಬಂದಿದೆ. ಅದನ್ನು ಹೊಳೆಯಿಂದ ಹಿಡಿದು ತರಬಾರದು.

ಆಹಾರ ಮತ್ತು ಆರೋಗ್ಯ

ಎರಡು ಮೂರು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟು ಆಹಾರವನ್ನು ಮಾತ್ರ ದಿನಕ್ಕೆ ಎರಡು ಬಾರಿ ಕೊಡಬೇಕು. ಸೊಳ್ಳೆಮರಿ, ಹೆಚ್ಚಿದ ಎರೆಹುಳು ಉತ್ತಮ ಆಹಾರ. ಉಳಿದ ಆಹಾರವನ್ನು ಕೂಡಲೇ ತೆಗೆಯಬೇಕು. ಹೊಸ ಮೀನುಗಳನ್ನು ಎರಡು ವಾರ ಬೇರೆ ಪಾತ್ರೆಯಲ್ಲಿಟ್ಟು, ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳಿಲ್ಲವೆಂದು ಖಚಿತಪಡಿಸಿಕೊಂಡ ನಂತರವೇ ತೊಟ್ಟಿಗೆ ಬಿಡತಕ್ಕದ್ದು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದರೆ ಔಷಧಿ ಹುಡುಕುವ ಮೊದಲು ಸ್ವಲ್ಪ ನೀರು ಬದಲಿಸಿ, ಪಂಪನ್ನು ಪರೀಕ್ಷಿಸಿ.

ಕೆರೆಗೆ ಬಿಡಬೇಡಿ

ಬೇಸರವಾದಾಗ ಮೀನುಗಳನ್ನು ಕೆರೆಗೋ ಬಾವಿಗೋ ಬಿಡುವುದು ಸರಿಯಲ್ಲ. ಪಾಚಿ ತಿನ್ನುತ್ತದೆಂದು ಮಾರುವ ದಕ್ಷಿಣ ಅಮೆರಿಕಾದ ಸಕ್ಕರ್ ಮೀನು ಹೀಗೆಯೇ ಹೊರಬಿದ್ದು ನಮ್ಮ ದೇಶದ ಅನೇಕ ಕೆರೆಗಳಲ್ಲಿ ನೆಲೆಯೂರಿದೆ. ಅದರ ಗಡುಸಾದ ಮುಳ್ಳುಗಳು ಮೀನುಗಾರರ ಬಲೆಗಳನ್ನು ಹರಿಯುತ್ತವೆ. ಸಾಕಿದ ಗೆಂಡೆ ಮೀನುಗಳ ಆಹಾರಕ್ಕೂ ಅದು ಪಾಲುದಾರನಾಗುತ್ತದೆ. ಬೇಡವಾದ ಮೀನನ್ನು ಅಂಗಡಿಗೆ ಮರಳಿಸಿ, ಇಲ್ಲವೇ ಸಾಕುವ ಮತ್ತೊಬ್ಬರಿಗೆ ಕೊಡಿ.