ಪಾಠಶಾಲೆಯಿಂದ ಶಾಸನಸಭೆಗೆ: ಲಿಂಡನ್ ಜಾನ್ಸನ್

ಉಪಾಧ್ಯಾಯ ವೃತ್ತಿಯಿಂದ ರಾಷ್ಟ್ರದ ಶಾಸನಸಭೆಯನ್ನು ಪ್ರವೇಶಿಸಿದವರು ಹಲವರುಂಟು. ಅವರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಲಿಂಡನ್ ಜಾನ್ಸನ್ನರ ವೃತ್ತಾಂತವು ಭಾಷಾಬೋಧಕರಾದ ನಮಗೆ ವಿಶೇಷವಾಗಿ ವಿಚಾರಣೀಯವಾದುದು.

1908ರಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ಜನಿಸಿದ ಜಾನ್ಸನ್ನರು ಸ್ಯಾನ್ ಮಾರ್ಕೋಸ್ ನಗರದ ಶಿಕ್ಷಕರ ಕಾಲೇಜಿನಲ್ಲಿ ಓದುತ್ತಿದ್ದರು. ದ್ರವ್ಯಾಭಾವದಿಂದ ವ್ಯಾಸಂಗವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, 1928ರಲ್ಲಿ ಕೊಟುಲಾ ಎಂಬ ಊರಿನ ವೆಲ್‌ಹೌಸನ್ ಶಾಲೆಗೆ ಉಪಾಧ್ಯಾಯರಾಗಿ ಹೋದರು. ಆಗ ಅವರ ವಯಸ್ಸು ಇಪ್ಪತ್ತು. ಅದು ಮೆಕ್ಸಿಕೋ ಮೂಲದ ಬಡವರ ಮಕ್ಕಳಿಗಾಗಿ ಬೇರ್ಪಡಿಸಿದ್ದ ಶಾಲೆ. ಮಕ್ಕಳಲ್ಲಿ ಅನೇಕರು ಹಸಿದ ಹೊಟ್ಟೆಯಲ್ಲಿಯೇ ಬರುತ್ತಿದ್ದರು. ತರುಣ ಉಪಾಧ್ಯಾಯರು ತಮ್ಮ ಮೊದಲ ಸಂಬಳದ ಹಣದಿಂದ ಅವರಿಗೆ ಆಟದ ಸಾಮಗ್ರಿಗಳನ್ನು ಕೊಂಡರು. ಶಾಲೆಯ ಜವಾನನಿಗೂ ಇಂಗ್ಲಿಷ್ ಕಲಿಸಿದರು. ಆದರೆ ಆಟದ ಬಯಲಿನಲ್ಲಿ ಸ್ಪ್ಯಾನಿಷ್ ನುಡಿದ ಮಕ್ಕಳನ್ನು ಅವರು ದಂಡಿಸುತ್ತಿದ್ದರು. ಇಂಗ್ಲಿಷ್ ಬಂದರೆ ಮಕ್ಕಳ ಬಾಳು ಹಸನಾದೀತೆಂಬ ಸದುದ್ದೇಶವೇ ಅದಕ್ಕೆ ಕಾರಣವಾಗಿದ್ದಿರಬೇಕು. ಆದರೂ ತಾಯ್ನುಡಿಯನ್ನು ಅಪರಾಧವೆಂದೆಣಿಸಿದ ಆ ಕ್ರಮವನ್ನು ಮೆಚ್ಚಲಾಗದು. (ಕನ್ನಡ ನುಡಿದ ಮಕ್ಕಳಿಗೆ ದಂಡ ವಿಧಿಸುವ ಶಾಲೆಗಳನ್ನು ಕಂಡ ನಮಗೆ ಇದು ಹೊಸ ಸಂಗತಿಯೂ ಅಲ್ಲ.)

ಪದವಿ ಪಡೆದ ಮೇಲೆ ಹ್ಯೂಸ್ಟನ್ ನಗರದ ಪ್ರೌಢಶಾಲೆಯಲ್ಲಿ ಕೆಲಕಾಲ ಭಾಷಣಕಲೆಯನ್ನು ಬೋಧಿಸಿದ ಜಾನ್ಸನ್ನರು 1937ರಲ್ಲಿ ಪ್ರತಿನಿಧಿ ಸಭೆಯನ್ನೂ 1949ರಲ್ಲಿ ಸೆನೆಟ್ ಸಭೆಯನ್ನೂ ಪ್ರವೇಶಿಸಿದರು. 1955ರಲ್ಲಿ ಸೆನೆಟಿನ ಬಹುಮತ ಪಕ್ಷದ ನಾಯಕರಾದರು. ಕೊಟುಲಾದ ಅನುಭವವು ಅವರಲ್ಲಿ ಕೂಡಲೇ ಫಲಿಸಿತೆನ್ನುವಂತಿಲ್ಲ. ಸುಮಾರು ಇಪ್ಪತ್ತು ವರ್ಷ ಅವರು ಕರಿಯರ ನಾಗರಿಕ ಹಕ್ಕುಗಳ ಮಸೂದೆಗಳಿಗೆ ವಿರೋಧವಾಗಿಯೇ ಮತ ನೀಡಿದರು. 1957ರಲ್ಲಿ ಮಾತ್ರ ಅಂತಹ ಮಸೂದೆಯೊಂದನ್ನು ತಾವೇ ಮುಂದೆ ನಿಂತು ಅಂಗೀಕಾರಗೊಳಿಸಿದರು, ಅದೂ ಬಹಳಷ್ಟು ದುರ್ಬಲಗೊಂಡ ರೂಪದಲ್ಲಿ.

1963ರಲ್ಲಿ ಕೆನಡಿಯವರ ಹತ್ಯೆಯಾಗಲು ರಾಷ್ಟ್ರಾಧ್ಯಕ್ಷ ಪದವಿ ಅವರಿಗೆ ಬಂದಿತು. 1965ರ ಮಾರ್ಚ್ 15ರಂದು ಉಭಯ ಸಭೆಗಳ ಮುಂದೆ ಸರ್ವರಿಗೂ ಮತದಾನದ ಹಕ್ಕನ್ನು ದೊರಕಿಸಬೇಕೆಂದು ಕೋರುವಾಗ ಅವರು ಸ್ಮರಿಸಿದ್ದು ಕೊಟುಲಾದ ಮಕ್ಕಳನ್ನು. ಮುಂದಿನ ತಿಂಗಳು ಬಡಮಕ್ಕಳ ಶಾಲೆಗಳಿಗೆ ನೂರು ಕೋಟಿ ಡಾಲರಿಗೂ ಮಿಕ್ಕ ನೆರವನ್ನೊದಗಿಸುವ ಶಿಕ್ಷಣ ಶಾಸನಕ್ಕೆ ಅಂಕಿತ ಹಾಕಿದರು. ಅದಕ್ಕೆ ಆರಿಸಿಕೊಂಡ ಸ್ಥಳ ರಾಜಧಾನಿಯಲ್ಲ, ತಾವು ಬಾಲ್ಯದಲ್ಲಿ ಅಕ್ಷರ ಕಲಿತ ಹಳ್ಳಿಯ ಶಾಲೆ. ಪಕ್ಕದಲ್ಲಿ ಕುಳಿತಿದ್ದವರು ಅವರ ಮೊದಲ ಗುರು ಕೇಟ್ ಡೆಡ್ರಿಕ್ ಲೋನಿ.

ಟೆಕ್ಸಾಸಿನವರೇ ಆದ ಸೆನೆಟರ್ ಯಾರ್ಬರೋ ಮಂಡಿಸಿದ್ದ ದ್ವಿಭಾಷಾ ಶಿಕ್ಷಣದ ಮಸೂದೆಯು ಜಾನ್ಸನ್ನರ ಅಂಕಿತವನ್ನು ಪಡೆದದ್ದು 1968ರ ಜನವರಿ 2ರಂದು. ಇಂಗ್ಲಿಷ್ ಬಾರದ ಮಕ್ಕಳಿಗೆ ಅವರ ಮನೆಮಾತಿನಲ್ಲಿಯೂ ಪಾಠ ಹೇಳುವ ಶಾಲೆಗಳು ಇದರಿಂದ ರಾಷ್ಟ್ರದ ಬೊಕ್ಕಸದ ಅನುದಾನಕ್ಕೆ ಅರ್ಹವಾದವು. ಒಂದು ಕಾಲಕ್ಕೆ ಸ್ಪ್ಯಾನಿಷ್ ನುಡಿದವರನ್ನು ದಂಡಿಸಿದ ಕೈಯೇ ಈ ಅಂಕಿತವನ್ನು ಹಾಕಿತು. ಆ ಕಾಯಿದೆ 2002ರವರೆಗೆ ಉಳಿಯಿತು. ಅದರ ಸ್ಥಾನದಲ್ಲಿ ಬಂದ ಶಾಸನವು ಇಂಗ್ಲಿಷ್ ಕಲಿಕೆಗೇ ಪ್ರಾಶಸ್ತ್ಯ ನೀಡಿತು.