ಘಾಟಿಯಲ್ಲಿ ಗಾಡಿ ಕೆಟ್ಟರೆ ಹಗ್ಗ ಬೇಡ

ಸಂಪಾಜೆ ಘಾಟಿಯ ತಿರುವಿನಲ್ಲಿ ಕಾರು ಕೆಟ್ಟು ನಿಂತರೆ ಮೊದಲು ಸಿಗುವ ನೆರವು ದಾರಿಯಲ್ಲಿ ಬಂದ ಜೀಪಿನ ಹಗ್ಗ. ಇಳಿಜಾರಿನಲ್ಲಿ ಅದನ್ನು ಒಪ್ಪಬೇಡಿ. ಇಂಜಿನ್ ಆಫ್ ಆದ ಮೇಲೆ ಎರಡು ಮೂರು ಸಲ ತುಳಿಯುವಷ್ಟರಲ್ಲಿ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ, ಸ್ಟೇರಿಂಗೂ ಭಾರವಾಗುತ್ತದೆ. ಹಗ್ಗ ಸಡಿಲವಾದ ಕ್ಷಣ ಹಿಂದಿನ ಕಾರು ಮುಂದಿನ ಜೀಪಿಗೇ ಗುದ್ದಬಹುದು. ಆಟೋಮ್ಯಾಟಿಕ್ ಕಾರನ್ನು ಚಕ್ರ ಉರುಳಿಸಿ ಎಳೆದರೆ ಗೇರ್‌ಬಾಕ್ಸೂ ಹಾಳಾಗುವ ಅಪಾಯವಿದೆ.

“ಟೋಯಿಂಗ್ ಗಾಡಿಗೆ ಗಂಟೆಗಟ್ಟಲೆ ಕಾಯಬೇಕಲ್ಲ?” ಎನ್ನುತ್ತೀರಿ. ನಿಜ, ಅದು ಮಡಿಕೇರಿಯಿಂದ ಇಳಿದೋ ಸುಳ್ಯದಿಂದ ಹತ್ತಿಯೋ ಬರಬೇಕು. ಇನ್ನೊಂದು ಘಾಟಿಯಾದ ಮಾಕುಟ್ಟದ ಕಾಡಿನಲ್ಲಾದರೆ ನೆಟ್‌ವರ್ಕೂ ಕೈಕೊಡುತ್ತದೆ. ಅದಕ್ಕೇ ಮೊದಲ ಕರೆಯಲ್ಲೇ ಹತ್ತಿರದ ಊರು, ಕಿಲೋಮೀಟರ್ ಕಲ್ಲು, ಗೇರ್ ಯಾವ ಬಗೆ ಎಂದು ಹೇಳಿ, ಕಾರನ್ನೇ ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ ಕೇಳಿ. ವಿಮೆಯ ರೋಡ್‌ಸೈಡ್ ಅಸಿಸ್ಟೆನ್ಸ್‌ಗೆ ಸಾಮಾನ್ಯವಾಗಿ ದೂರದ ಮಿತಿ ಇರುತ್ತದೆ; ಮೀರಿದರೆ ಎಷ್ಟು ಎಂಬುದನ್ನು ಕಾರು ಹತ್ತಿಸುವ ಮೊದಲೇ ಮಾತಾಡಿಕೊಳ್ಳಿ. ಹಗ್ಗಕ್ಕೂ ಜಾಗವಿದೆ: ಸಮತಟ್ಟಾದ ಕಡೆ, ತಿರುವಿನಿಂದ ಬದಿಗೆ ಸರಿಸುವಷ್ಟು ದೂರ ಮಾತ್ರ. ಕಾಯುವಾಗ ತ್ರಿಕೋನ ಫಲಕವನ್ನು ತಿರುವಿಗೂ ಹಿಂದೆ ಇಡಿ. ಮಳೆಗಾಲದಲ್ಲಿ ಬರೆಯ ಕೆಳಗೆ ನಿಲ್ಲಲೇಬೇಡಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮುಚ್ಚಿದ್ದು ಇದೇ ಮಡಿಕೇರಿ–ಸಂಪಾಜೆ ರಸ್ತೆ. ಜೀವಕ್ಕೆ ಅಪಾಯ ಅನಿಸಿದರೆ 112ಕ್ಕೆ ಕರೆ ಮಾಡಿ.