ಮೇರೆಯ ಕಲ್ಲು, ಬಾನಿನ ಕಣ್ಣು

33 ಅಡಿ ಉದ್ದದ, 16 ಆಣೆಗಳಾಗಿ ಭಾಗಿಸಿದ ಸರಪಳಿಯೊಂದರ ಚದರವೇ ಒಂದು ಗುಂಟೆಯೆಂದೂ, ಅಂತಹ 40 ಗುಂಟೆಗಳು ಕೂಡಿದರೆ ಒಂದು ಎಕರೆಯೆಂದೂ ನಮ್ಮ ರೈತನು ತಲೆಮಾರುಗಳಿಂದ ಬಲ್ಲನು. ಬಿಸಿಲಿನಲ್ಲಿ ಆ ಸರಪಳಿಯನ್ನೆಳೆದು, ಬಾಂದುಕಲ್ಲನ್ನು ಅರಸಿ, ಟಿಪ್ಪಣಿಯಲ್ಲಿ ಅಳತೆಯನ್ನು ಬರೆದಿಟ್ಟ ಭೂಮಾಪಕರ ಶ್ರಮವು ಅಲ್ಪವಾದುದಲ್ಲ; ಆದರೆ ಕಲ್ಲು ಕಿತ್ತುಹೋಗಿ, ಕಾಗದವು ಜೀರ್ಣವಾದಲ್ಲಿ, ಗೇಣುದ್ದದ ಬದುವಿಗಾಗಿ ಒಡಹುಟ್ಟಿದವರೇ ನ್ಯಾಯಾಲಯದ ಮೆಟ್ಟಿಲೇರುವ ದುಃಸ್ಥಿತಿ ಒದಗುತ್ತದೆ.

ಕರ್ನಾಟಕದ ‘ಭೂಮಿ’ ಯೋಜನೆಯು ಹೊಲಗಳ ಪಹಣಿಯನ್ನು ಗಣಕಯಂತ್ರಕ್ಕೇರಿಸಿತಾದರೂ, ಗ್ರಾಮಠಾಣೆಯೊಳಗಿನ ಎಷ್ಟೋ ಮನೆಗಳಿಗೆ ನಕ್ಷೆಯಾಗಲಿ ಖಚಿತವಾದ ಹಕ್ಕುಪತ್ರವಾಗಲಿ ಇರಲಿಲ್ಲ. ಈ ಕೊರತೆಯನ್ನು ನೀಗಲೆಂದೇ 2020ರ ಏಪ್ರಿಲ್ 24ರಂದು ಕೇಂದ್ರ ಸರ್ಕಾರವು ‘ಸ್ವಾಮಿತ್ವ’ ಯೋಜನೆಯನ್ನು ಆರಂಭಿಸಿತು. ಮೊದಲು ಗ್ರಾಮಸ್ಥರ ಸಮಕ್ಷಮದಲ್ಲಿ ಮನೆಮನೆಯ ಸುತ್ತಲೂ ಸುಣ್ಣದ ಗೆರೆಯನ್ನೆಳೆಯುತ್ತಾರೆ. ಆಮೇಲೆ ಡ್ರೋನ್ ಮೇಲೇರಿ, ಆ ಬಿಳಿಯ ಗೆರೆಗಳ ಸಹಿತ ಊರನ್ನೆಲ್ಲ ಚಿತ್ರಿಸುತ್ತದೆ. ಸ್ಥಾನವು ಮೊದಲೇ ನಿಷ್ಕರ್ಷೆಯಾಗಿರುವ ಭೂಕೇಂದ್ರಗಳು ಉಪಗ್ರಹಗಳ ಸಂಕೇತವನ್ನು ಎಡೆಬಿಡದೆ ಗ್ರಹಿಸಿ, ಅದರಲ್ಲಿನ ದೋಷವನ್ನು ಗಣಿಸಿ ತಿಳಿಸುವುದರಿಂದ, ಅಳತೆಯ ತಪ್ಪು ಕೆಲವೇ ಸೆಂಟಿಮೀಟರುಗಳಿಗೆ ಇಳಿಯುತ್ತದೆ.

ಆದರೂ ಯಂತ್ರವು ಗೆರೆಯನ್ನು ಕಾಣಬಲ್ಲುದೇ ಹೊರತು, ಆ ಗೆರೆಯು ಯಾರದೆಂಬುದನ್ನು ಅರಿಯದು. ಕರಡು ನಕ್ಷೆಯನ್ನು ಊರವರ ಮುಂದಿರಿಸಿ, ವಿಧವೆಯ, ದೂರದೂರಿಗೆ ದುಡಿಯಹೋದವನ, ಓದುಬಾರದ ವೃದ್ಧನ ತಕರಾರನ್ನೂ ತಾಳ್ಮೆಯಿಂದ ಆಲಿಸಿದಾಗ ಮಾತ್ರ ಆ ಅಳತೆಯು ನ್ಯಾಯವೆನಿಸಿಕೊಳ್ಳುವುದು.